ಕಟ್ಟು ಹಾಕುವ ಕಾಕಾ, ಹಸಿರು ಕೋಟಿನ ವೂಸ್ನಮ್

ಕಲಬುರಗಿಯ ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿಯೊಂದಿದೆ. ಗೋಡೆಯ ತುಂಬ ಶರಣಬಸವೇಶ್ವರರು, ಬಂದೇನವಾಜ್ ದರ್ಗಾ, ತೀರಿಕೊಂಡ ಹಿರಿಯರು. ಅವರೆಲ್ಲರ ಎದುರು ನಾನು ಬಿಚ್ಚಿದ್ದು ಹಳೆಯ ಕ್ರೀಡಾಪತ್ರಿಕೆಯ ಒಂದು ಪುಟ: 1991ರ ಏಪ್ರಿಲ್‌ನಲ್ಲಿ ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದ ವೇಲ್ಸ್‌ನ ಗಾಲ್ಫ್ ಆಟಗಾರ ಇಯಾನ್ ವೂಸ್ನಮ್ ಅವರಿಗೆ ಹಿಂದಿನ ವರ್ಷದ ವಿಜೇತ ನಿಕ್ ಫಾಲ್ಡೊ, ಗೆದ್ದವರಿಗೆ ಸಲ್ಲುವ ಹಸಿರು ಕೋಟು ತೊಡಿಸುತ್ತಿರುವ ಚಿತ್ರ. ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ಆಟದ ಸಾಮಾನಿನ ಕೋಣೆಗೆ ಅದು ಬೇಕಿತ್ತು.

ಕಾಕಾ ಅಳತೆಪಟ್ಟಿ ಇಟ್ಟು ನೋಡಿ, "ಈ ಎತ್ತರದವರನ್ನು ಕತ್ತರಿಸಿಬಿಡೋಣವೇ ಸರ್? ನಿಮ್ಮವರು ದೊಡ್ಡದಾಗಿ ಕಾಣುತ್ತಾರೆ" ಎಂದರು. ಖಂಡಿತ ಬೇಡವೆಂದೆ. ಫಾಲ್ಡೊ 6 ಅಡಿ 3 ಇಂಚು, ವೂಸ್ನಮ್ 5 ಅಡಿ 4 ಇಂಚಿನ ಆಸುಪಾಸು. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲುವ ನನ್ನ ಮಕ್ಕಳು ಆ ಅಂತರವನ್ನೇ ನೋಡಬೇಕು.

ಕಾಕಾ ಗಾಜಿನ ಮೇಲೆ ವಜ್ರದ ಮೊನೆ ಎಳೆಯುತ್ತಲೇ ಕಥೆ ಕೇಳಿದರು. ವೂಸ್ನಮ್ ಹೊಲದ ಮನೆಯ ಹುಡುಗ. ಒಣಹುಲ್ಲಿನ ಹೊರೆ ಎತ್ತಿಯೇ ತೋಳು ಬಲಿತದ್ದು. ಆಟ ಕಲಿತದ್ದು ಲಾನಮನೆಕ್ ಮೈದಾನದಲ್ಲಿ. ಅಲ್ಲಿ ನಾಲ್ಕನೆಯ ಗುಳಿಗೆಂದು ವೇಲ್ಸ್‌ನಲ್ಲಿ ಹೊಡೆದ ಚೆಂಡು ಇಂಗ್ಲೆಂಡಿನಲ್ಲಿ ಗುಳಿ ಸೇರುತ್ತದೆ! 1976ರಲ್ಲಿ ವೃತ್ತಿಗಿಳಿದ ಮೇಲೆ ವ್ಯಾನಿನಲ್ಲೇ ಮಲಗಿ, ಡಬ್ಬಿಯ ಬೀನ್ಸ್ ತಿಂದು ಊರೂರು ತಿರುಗಿದರು. 1987ರಲ್ಲಿ ಡೇವಿಡ್ ಲೆವೆಲಿನ್ ಜೊತೆಗೂಡಿ ವೇಲ್ಸ್‌ಗೆ ವಿಶ್ವಕಪ್ ತಂದರು.

2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನದ ಸಂಗತಿಗೆ ಬಂದಾಗ ಕಾಕಾ ಕೈ ನಿಲ್ಲಿಸಿದರು. ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳಿರಬೇಕಾದಲ್ಲಿ 15 ಇದ್ದವು; ಚೀಲ ಹೊರುವ ಸಹಾಯಕ ಎಣಿಸಿರಲಿಲ್ಲ. ಎರಡು ಹೊಡೆತಗಳ ದಂಡ. ಮುಂಚೂಣಿಯಲ್ಲಿದ್ದವರು ಜಂಟಿ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. "ಎಣಿಸದ ಆ ಹುಡುಗನನ್ನು ಕೆಲಸದಿಂದ ತೆಗೆದರೇ?" ಎಂದರು ಕಾಕಾ. ಆ ತಪ್ಪಿಗಾಗಿ ತೆಗೆಯಲಿಲ್ಲ ಎಂದೆ. ಅವರು ಗಾಜು ಬದಿಗಿಟ್ಟು, ಅಂಚಿಗೆ ಹೊಡೆದಿದ್ದ ಸಣ್ಣ ಮೊಳೆಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿಕೊಂಡರು.

ಹೇಳಿದ ದಿನಕ್ಕೆ ಸಿಗಲಿಲ್ಲ, ಎರಡು ದಿನ ತಡವಾಯಿತು. ಗಾಜಿನೊಳಗೆ ಕೋಟಿನ ಮೇಲೆಯೇ ಒಂದು ಧೂಳಿನ ಕಣ ಕುಳಿತಿತ್ತು. ತೋರಿಸಿದ ಕೂಡಲೇ ಹಿಂದಿನ ಹಲಗೆ ಬಿಚ್ಚಿ, ಒರೆಸಿ, ಹೊಸದಾಗಿ ಮುಚ್ಚಿದರು. ಮೂಲೆಗಳ ಜೋಡಣೆಯಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ. ಬೆಲೆ 450 ರೂಪಾಯಿ. ಗೋಡೆಗೆ ಹೊಡೆಯುವ ಮೊಳೆಗಳನ್ನು ಅವರೇ ಪೊಟ್ಟಣ ಕಟ್ಟಿ ಕೊಟ್ಟರು. "ತಗ್ಗಿನಲ್ಲಿ ಹೊಡೆಯಿರಿ ಸರ್, ಮುಂದಿನ ಸಾಲಿನವರಿಗೆ ಕಾಣಬೇಕು" ಎಂದರು. ಹಾಗೆಯೇ ಹೊಡೆದಿದ್ದೇನೆ.