15,700 ರೂಪಾಯಿಗೆ ಪೋಲೊ ಜಿಟಿಯ ಬ್ರೇಕ್ ಕೆಲಸ, ಚಿಕ್ಕಬಳ್ಳಾಪುರದ ಗ್ಯಾರೇಜಿನಲ್ಲಿ

ನಂದಿ ಬೆಟ್ಟದಿಂದ ಇಳಿಯುವಾಗ ನನ್ನ ಕಾರಿನ ಬ್ರೇಕ್ ಪೆಡಲ್ ಹತ್ತಿಯ ಮೂಟೆ ಮೇಲೆ ಕಾಲಿಟ್ಟ ಹಾಗೆ ಮೆತ್ತಗಾಯಿತು. ಭಾನುವಾರ ಬೆಳಿಗ್ಗೆ, ಸೂರ್ಯೋದಯ ನೋಡಿದವರೆಲ್ಲ ಒಟ್ಟಿಗೆ ಕೆಳಗಿಳಿಯುವ ಹೊತ್ತು. ಮುಂದೆ ಸಾಲಾಗಿ ಬೈಕುಗಳು, ಹಿಂದೆ ಅಂಟಿಕೊಂಡೇ ಬರುತ್ತಿದ್ದ ಟೆಂಪೊ ಟ್ರಾವೆಲರ್, ನನ್ನ ಹಿಂದಿನ ಸೀಟಲ್ಲಿ ಅಮ್ಮ ಮತ್ತು ಅಕ್ಕ. ಒಂದು ಟರ್ನಿಂಗಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಇಳಿಯುತ್ತಾ ಇಳಿಯುತ್ತಾ ಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು. ಗೇರನ್ನು ಮ್ಯಾನುಯಲ್‌ಗೆ ಹಾಕಿ 2ಕ್ಕೆ ಇಳಿಸಿ, ರಸ್ತೆ ಸ್ವಲ್ಪ ಅಗಲ ಇದ್ದ ಕಡೆ ಪಕ್ಕಕ್ಕೆ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಅರ್ಧ ಗಂಟೆ ಕಾದೆವು. ಆಮೇಲೆ ಒತ್ತಿ ನೋಡಿದರೆ ಪೆಡಲ್ ಮೊದಲಿನ ಹಾಗೇ ಗಟ್ಟಿ. ನನಗೆ ಜಾಸ್ತಿ ಭಯ ಆಗಿದ್ದು ಆಗಲೇ. ಮನೆಗೆ ಹೋಗಿ ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಮುಂದಿನ ಸಲ ಮತ್ತೆ ಕೈಕೊಡುತ್ತದೆ.

ಕಾರು 2017ರ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, 7 ಸ್ಪೀಡಿನ ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, ತಗೊಂಡ ಆರು ತಿಂಗಳಿಗೆ ಇಂಜಿನ್ ರೀಮ್ಯಾಪ್ (ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ ಕೆಲಸ) ಮಾಡಿಸಿದೆ, ಬ್ರೇಕಿನ ಕಡೆ ತಿರುಗಿ ನೋಡಲಿಲ್ಲ. ವೇಗ ಹೆಚ್ಚಿಸಿಕೊಂಡವರು ಮೊದಲು ಮಾಡಬೇಕಾದ ಕೆಲಸವನ್ನೇ ನಾನು ಬಿಟ್ಟಿದ್ದೆ. ಕಾರು 60ರಿಂದ 100ಕ್ಕೆ ಹೋದರೆ ಬ್ರೇಕ್ ನುಂಗಬೇಕಾದ ಶಕ್ತಿ ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ ಅಂತ ಹೈಸ್ಕೂಲಲ್ಲೇ ಓದಿದ್ದೆವು, ಅಲ್ವಾ?

ಇಳಿಜಾರಿನ ಲೆಕ್ಕ ಇನ್ನೂ ಜೋರು. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಕೆಳಗೆ ರಸ್ತೆ ಸಮ ಆಗುವ ಹೊತ್ತಿಗೆ ಸುಮಾರು 500 ಮೀಟರ್ ಇಳಿದಿರುತ್ತೇವೆ. ಕೂತು ಲೆಕ್ಕ ಹಾಕಿದೆ. 100 ಕಿ.ಮೀ. ವೇಗದಲ್ಲಿ ಓಡುವ ಕಾರನ್ನು 12-13 ಸಲ ಪೂರ್ತಿ ನಿಲ್ಲಿಸಿದರೆ ಎಷ್ಟು ಬಿಸಿ ಹುಟ್ಟುತ್ತದೋ, ಇಷ್ಟು ಎತ್ತರದಿಂದ ನಿಧಾನವಾಗಿ ಇಳಿದರೂ ಅಷ್ಟೇ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಕಾರಿನ ತೂಕ ಎಷ್ಟೇ ಇರಲಿ, ಲೆಕ್ಕ ಇದೇ ಬರುತ್ತದೆ. ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ಮಿಕ್ಕಿದ್ದನ್ನು ಇಂಜಿನ್ ತಡೆಯದಿದ್ದರೆ ಬ್ರೇಕೇ ಹೊರಬೇಕು. ಡಿಎಸ್‌ಜಿ ಗಾಡಿಯನ್ನು ಡಿ ಯಲ್ಲೇ ಬಿಟ್ಟರೆ ಅದು ಪೆಟ್ರೋಲ್ ಉಳಿಸಲು ದೊಡ್ಡ ಗೇರಿಗೆ ಹೋಗಿ ಕೂರುತ್ತದೆ. ನಾನು ಅವತ್ತು ಮೇಲಿನಿಂದ ಅರ್ಧ ದಾರಿ ಹಾಗೇ ಬಂದಿದ್ದೆ.

ಮಾರನೆಯ ದಿನ ಬೆಂಗಳೂರಿನ ಒಂದು ಅಂಗಡಿಗೆ ಫೋನ್ ಮಾಡಿದೆ. ಸಮಸ್ಯೆ ಏನು ಅಂತ ಒಂದು ಪ್ರಶ್ನೆಯನ್ನೂ ಕೇಳದೆ, ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ಒತ್ತುವ ಭಾಗ) ಕಿಟ್ಟು ಹಾಕಿಸಿ, 1 ಲಕ್ಷ 40 ಸಾವಿರ ಆಗುತ್ತದೆ ಅಂದರು. ಅದು 15 ಇಂಚಿನ ವೀಲಿನೊಳಗೆ ಕೂರುವುದಿಲ್ಲ, ಹಾಗಾಗಿ 17 ಇಂಚಿನ ವೀಲು, ಅದಕ್ಕೆ ನಾಲ್ಕು ಹೊಸ ಟೈರು, ಎಲ್ಲ ಬೇರೆ ಖರ್ಚು. ಸುಮ್ನೆ ಫೋನ್ ಇಟ್ಟೆ.

ನಮ್ಮೂರಲ್ಲೇ, ಬಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ, ಎರಡು ಗಾಡಿ ಹಿಡಿಯುವಷ್ಟು ಜಾಗ ಇರುವ ಒಂದು ಗ್ಯಾರೇಜಿದೆ. ಪಕ್ಕದ ಬೀದಿಯವರು ಹೇಳಿ ಕಳಿಸಿದರು. ಈ ಬರಹ ಆ ಗ್ಯಾರೇಜಿನ ಕೆಲಸದ ಬಗ್ಗೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಬಾನೆಟ್ ತೆಗೆಯುವ ಮೊದಲೇ ಕೇಳಿದ ಪ್ರಶ್ನೆ ಹೀಗಿತ್ತು: "ಪೆಡಲ್ ಮೆತ್ತಗಾಯ್ತಾ, ಇಲ್ಲಾ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲಲಿಲ್ವಾ ಸರ್?"

ಆ ಒಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಪೆಡಲ್ ಗಟ್ಟಿಯಾಗಿದ್ದು ಗಾಡಿ ನಿಲ್ಲದಿದ್ದರೆ, ಡಿಸ್ಕಿಗೆ ಉಜ್ಜಿ ಗಾಡಿ ನಿಲ್ಲಿಸುವ ಪ್ಯಾಡು ತನ್ನ ಮಿತಿಗಿಂತ ಜಾಸ್ತಿ ಬಿಸಿಯಾಗಿ ಹಿಡಿತ ಕಳೆದುಕೊಂಡಿದೆ ಅಂತ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿ, ತಣ್ಣಗಾದ ಮೇಲೆ ವಾಪಸ್ ಬಂದರೆ ಪೆಡಲಿನ ಬಲವನ್ನು ಚಕ್ರಕ್ಕೆ ಒಯ್ಯುವ ಬ್ರೇಕ್ ಆಯಿಲ್ ಕ್ಯಾಲಿಪರ್ ಹತ್ತಿರ ಕುದಿದಿದೆ ಅಂತ. ಕುದಿದಾಗ ಆವಿ ಗುಳ್ಳೆ ಏಳುತ್ತದೆ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಾವು ಕಾಲಲ್ಲಿ ಹಾಕಿದ ಬಲವೆಲ್ಲ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ.

ಅಣ್ಣ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಒಂದು ಸಿರಿಂಜಿನಲ್ಲಿ ಸ್ವಲ್ಪ ಎಳೆದು ಬಿಳಿ ಕಾಗದದ ಮೇಲೆ ಬಿಟ್ಟರು. ಹೊಸ ಆಯಿಲ್ ತಿಳಿ ಜೇನಿನ ಬಣ್ಣ ಇರುತ್ತದೆ. ನನ್ನದು ಕಾಫಿ ಡಿಕಾಕ್ಷನ್ ಆಗಿತ್ತು. ನೀರಿನಂಶ ನೋಡುವ ಪೆನ್ನಿನಂಥ ಸಾಧನ ಅದ್ದಿದರು, ಕೆಂಪು ದೀಪ ಹತ್ತಿತು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಅದರ ಗುಣವೇ ಅದು. ಡಾಟ್ ಅನ್ನುವುದು ಈ ಆಯಿಲಿನ ದರ್ಜೆ. ಡಾಟ್ 4 ಅಂದರೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಅದೇ ಆಯಿಲ್ 3.7 ಶೇಕಡಾ ನೀರು ಹೀರಿಕೊಂಡ ಮೇಲೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3ಕ್ಕೆ ಈ ಲೆಕ್ಕ 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ನನ್ನ ಹಿಂದಿನ ಗ್ಯಾರೇಜಿನವರು ಪ್ರತಿ ಸರ್ವಿಸಿನಲ್ಲೂ ಸುಮ್ನೆ ಮೇಲಿಂದ ತುಂಬಿಸುತ್ತಾ ಬಂದಿದ್ದರು. ಕ್ಯಾಲಿಪರ್ ಹತ್ತಿರ ನಿಂತ ಹಳೆಯ ಆಯಿಲ್ ಅಲ್ಲೇ ನಿಂತಿತ್ತು. ಬಾಟಲಿ ತರುವಾಗ ಒಂದು ನೆನಪಿರಲಿ, ಡಾಟ್ 5 ಅಂತ ಬರೀ ಅಂಕಿ ಇದ್ದರೆ ಅದು ಸಿಲಿಕಾನ್ ಆಯಿಲ್, ನಮ್ಮ ಗಾಡಿಗಳಿಗೆ ಬೆರೆಸಬಾರದು. 5.1 ಬೇರೆ, ಅದು ಡಾಟ್ 4ರ ಜೊತೆ ಸೇರುತ್ತದೆ.

ಆಮೇಲೆ ವೀಲ್ ಬಿಚ್ಚಿದರು. ನಿಜವಾದ ಕಥೆ ಅಲ್ಲಿತ್ತು. ಎಡಗಡೆ ಮುಂದಿನ ಚಕ್ರದಲ್ಲಿ ಹೊರಗಿನ ಪ್ಯಾಡು 6 ಮಿ.ಮೀ. ಉಳಿದಿದೆ, ಒಳಗಿನದು 3 ಕೂಡ ಇಲ್ಲ. ಕ್ಯಾಲಿಪರ್ ಅತ್ತಿಂದಿತ್ತ ಜಾರಬೇಕಾದ ಪಿನ್ನು ಕಚ್ಚಿಕೊಂಡಿತ್ತು. ಅಣ್ಣ ಅದನ್ನು ಕೈಯಲ್ಲಿ ತಿರುಗಿಸಲು ಆಗದೆ ಸ್ಪ್ಯಾನರ್ ಹಾಕಿ ಎಳೆದರು. ಹೊರಬಂದಾಗ ರಬ್ಬರ್ ಕವಚದ ಒಳಗೆಲ್ಲ ಒಣಗಿದ ಕಪ್ಪು ಗ್ರೀಸು, ಒಲೆಯ ಮಸಿಯ ಹಾಗೆ. ಅಂದರೆ ನಾನು ಬ್ರೇಕ್ ಬಿಟ್ಟ ಮೇಲೂ ಆ ಒಳಗಿನ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇತ್ತು, ಬಿಸಿ ಏರುತ್ತಲೇ ಇತ್ತು, ಆಯಿಲ್ ಕುದಿಯಲು ಅದೇ ಸಾಕು. ಪಿನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿ, ಬ್ರೇಕಿಗೇ ಅಂತ ಬರುವ ಸಿಲಿಕಾನ್ ಗ್ರೀಸ್ ಹಚ್ಚಿದರು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಕಚ್ಚುತ್ತದೆ. ಇಷ್ಟಕ್ಕೆ ಹಿಡಿದದ್ದು 20 ನಿಮಿಷ. ಲಕ್ಷದ ಕಿಟ್ಟು ಹಾಕಿಸಿ ಈ ಪಿನ್ನಿನ ಕಡೆ ನೋಡದವರು ಎಷ್ಟು ಜನ ಇದ್ದಾರೋ.

ಹಳೆಯ ಪ್ಯಾಡಿನ ಅಂಚಿನ ಮಸಿ ಕೆರೆದು ನನಗೆ ಓದಲು ಕೊಟ್ಟರು. ಕೆಲವು ಪ್ಯಾಡುಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಹಿಡಿತ ಎಷ್ಟು ಅಂತ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅಂತ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ನನ್ನ ಹಳೆಯದರಲ್ಲಿ ಎಫ್‌ಇ ಅಂತ ಇತ್ತು. ಕಾದ ಮೇಲೆ ಹಿಡಿತ ಕಡಿಮೆ ಆಗುವಂಥದ್ದನ್ನೇ ಯಾರೋ ಕಡಿಮೆ ಬೆಲೆಗೆ ಹಾಕಿ ಹೋಗಿದ್ದರು. ಹೊಸದಾಗಿ ತರಿಸಿದ್ದು ಎಫ್‌ಎಫ್. ಪ್ರಯೋಗಾಲಯದ ಸಣ್ಣ ತುಂಡಿನ ಪರೀಕ್ಷೆ ಅದು, ಅದೊಂದನ್ನೇ ನಂಬಬೇಡಿ, ಆದರೆ ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಘಾಟಿ ಓಡಿಸುವವರು ತಗೋಬೇಡಿ. ರೇಸಿಗೆ ಅಂತ ಬರುವ ಪ್ಯಾಡು ಕೇಳಿದೆ. "ಬೆಳಿಗ್ಗೆ ಹೂವಿನ ಮಾರ್ಕೆಟ್ ಹತ್ರ ತಣ್ಣಗಿರೋ ಬ್ರೇಕ್ ಒತ್ತಿದ್ರೆ ಅದು ಹಿಡಿಯಲ್ಲ ಸರ್, ಕಾದ ಮೇಲೇ ಹಿಡಿಯೋದು" ಅಂದರು. ಮಾರಬಹುದಾದ ದುಬಾರಿ ಮಾಲನ್ನು ಬೇಡ ಅಂದ ಆ ಮಾತಿಗೆ ನನಗೆ ಅವರ ಮೇಲೆ ನಂಬಿಕೆ ಬಂತು.

ಡಿಸ್ಕ್ ಬದಲಿಸಲೇಬೇಕಿತ್ತು. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ಮೈಕ್ರೊಮೀಟರ್ ಇಟ್ಟು ಅಳೆದು ತೋರಿಸಿದರು, ಒಂದು ಕಡೆಯದು ಆ ಗೆರೆ ದಾಟಿತ್ತು. ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಎತ್ತರದ ತುಟಿ ಬೇರೆ. ತೂತು ಕೊರೆದ ಡಿಸ್ಕ್ ಚೆನ್ನಾಗಿ ಕಾಣುತ್ತದೆ, ನನಗೂ ಆಸೆ ಇತ್ತು. ಆದರೆ ಮತ್ತೆ ಮತ್ತೆ ಕಾದು ತಣ್ಣಗಾದರೆ ಬಿರುಕು ಶುರುವಾಗುವುದು ಆ ತೂತುಗಳ ಹತ್ತಿರವೇ, ಜೊತೆಗೆ ಬಿಸಿ ಹೀರಲು ಇರುವ ಲೋಹವೂ ಅಷ್ಟು ಕಡಿಮೆ. ಕಂಪನಿ ಅಳತೆಯ, ಒಳಗೆ ಗಾಳಿ ಹೋಗುವ, ಸಾದಾ ಡಿಸ್ಕನ್ನೇ ಜೋಡಿಯಾಗಿ ಹಾಕಿಸಿದೆ. ಹಿಂದಿನ ಡ್ರಮ್ ಬಿಚ್ಚಿ ಧೂಳು ತೆಗೆದು ಒಳಗಿನ ಬ್ರೇಕ್ ಶೂ ಸೆಟ್ ಮಾಡಿದರು. ಹಿಂದೆಯೂ ಡಿಸ್ಕ್ ಮಾಡಿಸುವ ಯೋಚನೆ ಬಿಟ್ಟೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಕೆಲಸದ ಬಹುಪಾಲು ಮುಂದಿನ ಚಕ್ರಗಳದ್ದೇ. ಸ್ಟೀಲ್ ಹೆಣೆದ ಹೋಸ್ ಕೂಡ ಬೇಡ ಅಂದೆ, ಇದ್ದ ರಬ್ಬರ್ ಹೋಸಿನಲ್ಲಿ ಬಿರುಕಿಲ್ಲ, ಊತ ಇಲ್ಲ.

ಬಿಲ್ಲು: ಪ್ಯಾಡು 5,200, ಡಿಸ್ಕ್ ಜೋಡಿ 6,800, ಡಾಟ್ 4 ಒಂದು ಲೀಟರ್ 950, ಗ್ರೀಸು ಮತ್ತು ಕ್ಲಿಪ್ಪು 350, ಡ್ರಮ್ ಕೆಲಸವೂ ಸೇರಿ ಕೂಲಿ 2,400. ಒಟ್ಟು 15,700. ಎಲ್ಲವೂ ಕಂಪನಿ ಅಳತೆಯಲ್ಲೇ ಇರುವುದರಿಂದ ಆರ್‌ಸಿ, ಇನ್ಶೂರೆನ್ಸ್ ತಲೆನೋವೂ ಇಲ್ಲ.

ಹೊಸ ಪ್ಯಾಡು ಹಾಕಿಸಿದ ದಿನವೇ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ, ಇದನ್ನು ಅಣ್ಣ ಎರಡು ಸಲ ಹೇಳಿ ಕಳಿಸಿದರು. ಮಾರನೆಯ ದಿನ ಬೆಳಿಗ್ಗೆ 5 ಗಂಟೆಗೆ ಗೌರಿಬಿದನೂರು ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿಕೊಂಡು, 60ರಿಂದ 15ರವರೆಗೆ ಹದವಾಗಿ ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯುವುದನ್ನು ಹತ್ತು ಸಲ ಮಾಡಿದೆ. ನಡುವೆ ಎಲ್ಲೂ ಪೂರ್ತಿ ನಿಲ್ಲಿಸಲಿಲ್ಲ. ಕಾದ ಡಿಸ್ಕಿನ ಮೇಲೆ ಪ್ಯಾಡು ಒತ್ತಿ ನಿಂತರೆ ಅಲ್ಲಿ ಮಾತ್ರ ಪ್ಯಾಡಿನ ಪದರ ದಪ್ಪ ಅಂಟುತ್ತದೆ, ಆಮೇಲೆ ಸ್ಟೇರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಅಂತ ಜನ ಹೇಳುವುದು ಎಷ್ಟೋ ಸಲ ಇದನ್ನೇ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗೆ ಮಾಡಿದೆ.

ಮೂರು ವಾರ ಬಿಟ್ಟು ನಂದಿಗೆ ಹೋದೆ, ಒಬ್ಬನೇ, ವಾರದ ನಡುವೆ. ಇಳಿಯುವಾಗ ಮೊದಲಿಂದಲೇ ಮ್ಯಾನುಯಲ್‌ನಲ್ಲಿ 2ನೇ ಗೇರು. ಕೆಳಗಿನವರೆಗೂ ಪೆಡಲ್ ಒಂದೇ ಎತ್ತರದಲ್ಲಿ, ಒಂದೇ ಗಟ್ಟಿಯಲ್ಲಿ ಇತ್ತು. ಆಮೇಲಿನ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋದೆ, ಆಗಲೂ ಅಷ್ಟೇ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಒಂದೇ ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವ ದೂರದಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮೊದಲೂ ಕೆಲಸ ಮಾಡುತ್ತಿತ್ತು, ಈಗಲೂ ಮಾಡುತ್ತದೆ. ಎಬಿಎಸ್ ಬಂತು ಅಂದರೆ ಬ್ರೇಕಿಗೆ ಬಲ ಸಾಕಷ್ಟಿದೆ, ಟೈರಿಗೆ ಹಿಡಿತ ಸಾಲುತ್ತಿಲ್ಲ ಅಂತಲೇ ಅರ್ಥ. ಹಾಗಾಗಿ ನನ್ನ ಮುಂದಿನ ಖರ್ಚು ನಾಲ್ಕು ಒಳ್ಳೆಯ 185/60 ಆರ್15 ಟೈರು.

ಗ್ಯಾರೇಜಿನ ಬಗ್ಗೆ ದೂರುಗಳೂ ಇವೆ. ಒಂದೇ ದಿನ ಅಂದವರು ಎರಡು ದಿನ ಮಾಡಿದರು, ಡಿಸ್ಕ್ ಬೆಂಗಳೂರಿಂದ ಬಸ್ಸಿನಲ್ಲಿ ಬರಬೇಕಿತ್ತು, ಅದನ್ನು ಮೊದಲೇ ಹೇಳಬಹುದಿತ್ತು. ವೀಲ್ ಬೋಲ್ಟುಗಳನ್ನು ಹುಡುಗ ಗನ್ನಿನಲ್ಲೇ ಹೊಡೆದು ಬಿಗಿದ. ಪೋಲೊಗೆ 120 ನ್ಯೂಟನ್ ಮೀಟರ್ ಬಿಗಿ ಇರಬೇಕು, ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಾಕಿ ಅಂತ ನಾನೇ ಕೇಳಿದ ಮೇಲೆ ಒಳಗಿಂದ ತಂದರು. ಇದ್ದ ಸಾಮಾನು ಕೇಳದೇ ಹೊರಬರಬೇಕಿತ್ತು. ಹೊಸ ಪ್ಯಾಡು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕೀಚ್ ಅನ್ನುತ್ತದೆ, ಮುಂದಿನ ವೀಲಿಗೆ ಕಪ್ಪು ಪುಡಿಯೂ ಮೊದಲಿಗಿಂತ ಜಾಸ್ತಿ.

ಅವರ ಹತ್ತಿರ ಹೋಗುವವರು ಬೆಳಿಗ್ಗೆಯೇ ಹೋಗಿ, ಎದುರಿಗೇ ವೀಲ್ ಬಿಚ್ಚಿಸಿ, ಒಳಗಿನ ಪ್ಯಾಡನ್ನೂ ನೋಡಿ. ಆಯಿಲ್ ಬಾಟಲಿಯ ಸೀಲನ್ನು ನಿಮ್ಮ ಮುಂದೆಯೇ ಒಡೆಯಲು ಹೇಳಿ. ನಾಲ್ಕೂ ಚಕ್ರದಿಂದ ಹೊಸ ಬಣ್ಣದ ಆಯಿಲ್ ಬರುವವರೆಗೂ ಹಳೆಯದನ್ನು ಹೊರಗೆ ಬಿಡಿಸಿ, ಉಳಿದದ್ದನ್ನು ಮನೆಗೆ ತಂದು ಇಟ್ಟುಕೊಳ್ಳಬೇಡಿ. ತೆರೆದ ಬಾಟಲಿ ಕಪಾಟಿನಲ್ಲಿ ಇದ್ದರೂ ನೀರು ಹೀರುತ್ತದೆ.