ಸರ್ವಿಸಸ್ ಪಿಎಂಐ: ಟ್ರಾವೆಲ್ಸ್ ನಡೆಸುವವನ ಆರು ವರ್ಷದ ಬಳಕೆ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ಸಣ್ಣ ಟ್ರಾವೆಲ್ಸ್. ತಿಂಗಳ ಮೊದಲ ವಾರ ಬರುವ ಸರ್ವಿಸಸ್ ಪಿಎಂಐ (ದೇಶದ ಸೇವಾ ವಲಯದ ಕಂಪನಿಗಳಿಗೆ ಕೆಲಸ ಹೆಂಗಿದೆ ಅಂತ ಕೇಳಿ ತೆಗೆಯೋ ಸೂಚ್ಯಂಕ) ಅಂಕಿಯನ್ನ 2019ರಿಂದ ಬಿಡದೆ ನೋಡ್ತಿದೀನಿ. 5ಕ್ಕೆ 3 ಸ್ಟಾರ್ ಕೊಡ್ತೀನಿ.

ಇದರ ಹಿಂದೆ ಬೀಳೋಕೆ ಕಾರಣ ಇತ್ತು. ಸರ್ಕಾರದ ಮಾಸಿಕ ಐಐಪಿಯಲ್ಲಿ, ಅಂದ್ರೆ ಕೈಗಾರಿಕಾ ಉತ್ಪಾದನೆ ಸೂಚ್ಯಂಕದಲ್ಲಿ, ಇರೋದು ಮುಖ್ಯವಾಗಿ ಗಣಿ, ಕಾರ್ಖಾನೆ, ವಿದ್ಯುತ್. ಹತ್ತಿ ಮಿಲ್ಲುಗಳು ಓಡ್ತಿದ್ದ ಕಾಲದ ದಾವಣಗೆರೆಗೆ ಅದು ಸರಿ. ಈಗ ನಮಗೆ ಗಿರಾಕಿ ಕೊಡೋದು ಕಾಲೇಜು, ಆಸ್ಪತ್ರೆ, ಕಲ್ಯಾಣ ಮಂಟಪ. ಜಿಡಿಪಿ ನೋಡೋಣ ಅಂದ್ರೆ ಏಪ್ರಿಲ್–ಜೂನ್ ಲೆಕ್ಕ ಬರೋದೇ ಆಗಸ್ಟ್ ಕೊನೆಗೆ. ಅಷ್ಟೊತ್ತಿಗೆ ಸೀಸನ್ ಮುಗಿದಿರ್ತದೆ.

ಪಿಎಂಐ ಲೆಕ್ಕ ಸುಲಭ. ಸುಮಾರು 400 ಕಂಪನಿಗಳಿಗೆ ಕೇಳ್ತಾರೆ: ಹೋದ ತಿಂಗಳಿಗಿಂತ ಕೆಲಸ ಜಾಸ್ತಿನಾ, ಅಷ್ಟೇನಾ, ಕಮ್ಮಿನಾ? ನೂರಕ್ಕೆ 40 ಜನ ಜಾಸ್ತಿ, 40 ಜನ ಅಷ್ಟೇ ಅಂದ್ರೆ, 40ಕ್ಕೆ 40ರ ಅರ್ಧ ಸೇರಿಸಿ 60. ಆಮೇಲೆ ಸೀಸನ್ನಿನ ಏರಿಳಿತ ತೆಗೀತಾರೆ. 50ರ ಮೇಲಿದ್ರೆ ಬೆಳವಣಿಗೆ. 61 ಇದ್ದದ್ದು 58 ಆದ್ರೆ ಪೇಪರಿನವರು 'ಕುಸಿತ' ಅಂತಾರೆ. ಅದು ಕುಸಿತ ಅಲ್ಲ, ಏರುವ ವೇಗ ಕಮ್ಮಿ ಆಗಿದ್ದು.

2020ರ ಏಪ್ರಿಲ್‌ನಲ್ಲಿ 5.4 ಬಂತು. ಶೆಡ್ಡಲ್ಲಿ ಗಾಡಿ ಮೇಲಿನ ಧೂಳಲ್ಲಿ ಮಗಳು ರಂಗೋಲಿ ಬರೆದಿದ್ದಳು. ಅವತ್ತು ಅಂಕಿಗೂ ನನಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಏಟು ಬಿದ್ದಿದ್ದು 2023ರಲ್ಲಿ. ಜುಲೈ ಅಂಕಿ 62.3, ಹದಿಮೂರು ವರ್ಷದಲ್ಲೇ ಗರಿಷ್ಠ. ಅದನ್ನ ನಂಬಿ ಸಾಲ ಮಾಡಿ ಎರಡನೇ ಟೆಂಪೋ ಟ್ರಾವೆಲರ್ ತಂದೆ. ಆದ್ರೆ ಜೂನ್ 11ಕ್ಕೇ ಶಕ್ತಿ ಯೋಜನೆ ಶುರುವಾಗಿತ್ತು. ಧರ್ಮಸ್ಥಳಕ್ಕೆ ನಮ್ಮ ಗಾಡಿ ಹಿಡೀತಿದ್ದ ಓಣಿಯ ಹೆಂಗಸರೆಲ್ಲ ಸರ್ಕಾರಿ ಬಸ್ ಹತ್ತಿದ್ರು. ನನ್ನ ಹೆಂಡತಿನೂ ಹತ್ತಿದಳು, ಚೆನ್ನಾಗಿತ್ತಂತೆ. ಮೇಲೆ ಅಧಿಕ ಶ್ರಾವಣ ಬೇರೆ, ಮದುವೆನೂ ಇಲ್ಲ. ದೇಶಕ್ಕೆ 62.3, ನಮ್ಮ ಬುಕಿಂಗ್ ಪುಸ್ತಕದಲ್ಲಿ ಆಗಸ್ಟ್ ಮೊದಲ ಹದಿನೈದು ದಿನಕ್ಕೆ ಮೂರೇ ಟ್ರಿಪ್.

ತಪ್ಪು ಅಂಕಿಯದ್ದಲ್ಲ, ಓದಿದ ನನ್ನದು. ಎಷ್ಟು ಜನಕ್ಕೆ ಕೆಲಸ ಜಾಸ್ತಿ ಆಯ್ತು ಅಂತ ಅದು ಹೇಳ್ತದೆ, ಎಷ್ಟು ಜಾಸ್ತಿ ಆಯ್ತು ಅಂತ ಹೇಳಲ್ಲ. ಚಿಲ್ಲರೆ ವ್ಯಾಪಾರನ ಲೆಕ್ಕಕ್ಕೇ ಹಿಡಿಯಲ್ಲ, ಹಂಗಾಗಿ ಮಂಡಿಪೇಟೆಯ ಬಟ್ಟೆ ಅಂಗಡಿಗಳು ಹೊರಗೆ. ನಮ್ಮಂಥ ಎರಡು-ಮೂರು ಗಾಡಿಯವರನ್ನ ಯಾರು ಕೇಳ್ತಾರೆ?

ಈಗಲೂ ನೋಡ್ತೀನಿ, ಆದ್ರೆ ಒಂದೇ ತಿಂಗಳದ್ದಲ್ಲ, ಮೂರು ತಿಂಗಳದ್ದು ಸೇರಿಸಿ. ಜೊತೆಗೆ ಜಿಎಸ್‌ಟಿ ವಸೂಲಿ ನೋಡ್ತೀನಿ, ಪಕ್ಕದ ಬೆಣ್ಣೆ ದೋಸೆ ಹೋಟೆಲಿನವನ ಹತ್ರ ದಿನಕ್ಕೆ ಎಷ್ಟು ಕೆಜಿ ಬೆಣ್ಣೆ ಹೋಗ್ತಿದೆ ಅಂತಾನೂ ಕೇಳ್ತೀನಿ. ಟೆಂಪೋ ಕಂತು ಇನ್ನೂ ಹದಿನಾಲ್ಕು ಬಾಕಿ ಇದೆ.