ದೊಡ್ಡ ಫೈಲ್ ತಡೆಯುವ ಪ್ರಿ-ಕಮಿಟ್ ಹುಕ್: ಹೊಸದನ್ನು ಹಿಡಿಯುತ್ತದೆ, ಬೆಳೆದದ್ದನ್ನು ಬಿಡುತ್ತದೆ

ಗಿಟ್ ರೆಪೊಗೆ (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸ ಇರುವ ಜಾಗ) ಭಾರೀ ಫೈಲ್ ನುಗ್ಗದಂತೆ ಕಾಯಲು, ಕಮಿಟ್‌ಗೆ (ಬದಲಾವಣೆಯನ್ನು ಇತಿಹಾಸಕ್ಕೆ ದಾಖಲಿಸುವುದು) ಮುಂಚೆ ತಾನಾಗಿ ಓಡುವ ತಪಾಸಣೆಗಳನ್ನು, ಅಂದರೆ ಹುಕ್‌ಗಳನ್ನು, ನಡೆಸುವ ಪ್ರಿ-ಕಮಿಟ್ ಎಂಬ ಸಲಕರಣೆಯ 'ಚೆಕ್-ಆ್ಯಡೆಡ್-ಲಾರ್ಜ್-ಫೈಲ್ಸ್' ಹುಕ್ ಬಳಸುತ್ತ ಬಹಳ ಕಾಲವಾಯಿತು. ಹಾಕಿಕೊಳ್ಳುವ ಬಗೆ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ದಿನನಿತ್ಯದ ಕೆಲಸದಲ್ಲಿ ಇದು ನಿಜಕ್ಕೂ ಖುಷಿ ಕೊಡುತ್ತದೆ. ಕಮಿಟ್ ಒತ್ತಿದ ಕೂಡಲೇ ಫೈಲಿನ ಹೆಸರು, ಅದು ಎಷ್ಟು ಕೆಬಿ, ಮಿತಿ ಎಷ್ಟು, ಎಲ್ಲವೂ ಒಂದೇ ಸಾಲಿನಲ್ಲಿ ಬಂದು ಕಮಿಟ್ ನಿಲ್ಲುತ್ತದೆ. 'ಗಿಟ್ ರಿಸ್ಟೋರ್ --ಸ್ಟೇಜ್ಡ್' ಕೊಟ್ಟು ಆ ಫೈಲನ್ನು ಸ್ಟೇಜ್‌ನಿಂದ (ಮುಂದಿನ ಕಮಿಟ್‌ಗೆ ಸಿದ್ಧಪಡಿಸಿಟ್ಟ ಪಟ್ಟಿ) ಹೊರಗೆಳೆದು, ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಒಂದು ಸಾಲು ಸೇರಿಸಿ, ಮತ್ತೆ ಕಮಿಟ್ ಮಾಡಿದರಾಯಿತು. ತಡೆ ಈ ಹಂತದಲ್ಲೇ ಬೀಳುವುದು ಮುಖ್ಯ. ಕಮಿಟ್ ಆಗಿ ಪುಶ್ ಆದ (ಸರ್ವರ್‌ಗೆ ಹೋದ) ಫೈಲನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿಯುತ್ತದೆ, ಆಮೇಲೆ ಪೂರ್ತಿ ಕ್ಲೋನ್ ಮಾಡುವವರೆಲ್ಲ ಅದನ್ನು ಇಳಿಸಿಕೊಳ್ಳಲೇಬೇಕು.

ಮೂಲ ಮಿತಿ 500 ಕೆಬಿ. ಕೋಡ್ ರೆಪೊಗೆ ಅಷ್ಟು ಸಾಕು, ಏರಿಸಬೇಡಿ. ಬಳಸುವ ಲೈಬ್ರರಿಗಳ ಆವೃತ್ತಿಗಳನ್ನು ಬರೆದಿಡುವ ಪ್ಯಾಕೇಜ್-ಲಾಕ್‌ನಂಥ ಫೈಲ್ ಮಿತಿ ದಾಟಿದರೆ ಅದೊಂದನ್ನೇ 'ಎಕ್ಸ್‌ಕ್ಲೂಡ್'ಗೆ (ಹುಕ್ ಬಿಡಬೇಕಾದ ಫೈಲುಗಳ ಸೆಟ್ಟಿಂಗ್) ಹಾಕಿ. ಭಾರೀ ಫೈಲುಗಳನ್ನು ಬೇರೆಡೆ ಇಡುವ ಗಿಟ್ ಎಲ್‌ಎಫ್‌ಎಸ್‌ಗೆ ಒಪ್ಪಿಸಿದ ಫೈಲುಗಳನ್ನು ಹುಕ್ ತಾನೇ ಬಿಟ್ಟುಬಿಡುತ್ತದೆ, ಅದು ಒಳ್ಳೆಯ ಏರ್ಪಾಡು.

ನನ್ನ ತಕರಾರು ಒಂದೇ, ಆದರೆ ದೊಡ್ಡದು. ಈ ಹುಕ್ ನೋಡುವುದು ಹೊಸದಾಗಿ ಸೇರಿಸಿ ಸ್ಟೇಜ್ ಮಾಡಿದ ಫೈಲುಗಳನ್ನು ಮಾತ್ರ. ಕೋಡ್ ಜೊತೆಗೆ ಅದರ ಔಟ್‌ಪುಟ್ಟನ್ನೂ ಇಟ್ಟುಕೊಳ್ಳುವ ಜುಪಿಟರ್ ನೋಟ್‌ಬುಕ್ ಫೈಲ್ ಒಂದು 40 ಕೆಬಿಯಾಗಿ ಒಳಗೆ ಬಂತು ಎನ್ನಿ. ಔಟ್‌ಪುಟ್ ಅಳಿಸದೆ ಕಮಿಟ್ ಮಾಡುತ್ತ ಹೋದರೆ, ಅದರೊಳಗಿನ ಚಿತ್ರಗಳ ಭಾರಕ್ಕೆ ಹೇಳುವವರು ಕೇಳುವವರಿಲ್ಲದೆ 12 ಎಂಬಿ ಆಗಬಹುದು. ಹುಕ್ ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಅದು ಬದಲಾದ ಫೈಲ್, ಸೇರಿಸಿದ ಫೈಲ್ ಅಲ್ಲ.

ಸಿಐನಲ್ಲಿ (ಪುಶ್ ಆದ ಕೋಡನ್ನು ಸರ್ವರ್‌ನಲ್ಲಿ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅಲ್ಲಿ 'ಪ್ರಿ-ಕಮಿಟ್ ರನ್ --ಆಲ್-ಫೈಲ್ಸ್' ಓಡಿಸಿದಾಗ ಸ್ಟೇಜ್ ಆಗಿರುವ ಫೈಲೇ ಇರುವುದಿಲ್ಲ, ಹಾಗಾಗಿ ಏನನ್ನೂ ಅಳೆಯದೆ ಹಸಿರು 'ಪಾಸ್ಡ್' ಬರುತ್ತದೆ. ತಡೆಯೇ ಇಲ್ಲದಿದ್ದರೆ ಜನ ಹುಷಾರಾಗಿಯಾದರೂ ಇರುತ್ತಾರೆ, ಈ ಹಸಿರು ಅವರನ್ನು ಮೈಮರೆಸುತ್ತದೆ.

ಪರಿಹಾರ ಅದರೊಳಗೇ ಇದೆ. ಹುಕ್‌ನ ಸೆಟ್ಟಿಂಗ್‌ನಲ್ಲಿರುವ 'ಆರ್ಗ್ಸ್' ಸಾಲಿನಲ್ಲಿ, ಮಿತಿ ಹೇಳುವ '--ಮ್ಯಾಕ್ಸ್‌ಕೆಬಿ' ಪಕ್ಕದಲ್ಲೇ '--ಎನ್‌ಫೋರ್ಸ್-ಆಲ್' ಸೇರಿಸಿ. ಆಗ ಬದಲಾದ ಫೈಲುಗಳೂ ಅಳತೆಗೆ ಸಿಗುತ್ತವೆ, ಸಿಐ ಕೂಡ ನಿಜವಾಗಿ ಕೆಲಸ ಮಾಡುತ್ತದೆ. ಹಳೆಯ ರೆಪೊ ಆಗಿದ್ದರೆ ಮೊದಲ ಓಟದಲ್ಲೇ ದೂರುಗಳ ಸಾಲು ಬೀಳುತ್ತದೆ. ಆಗ ಎಕ್ಸ್‌ಕ್ಲೂಡ್‌ನಲ್ಲಿ ಬರೀ 'ಡೇಟಾ' ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅದು ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಬರಹ), ಫೈಲಿನ ಹಾದಿಯಲ್ಲಿ ಎಲ್ಲಿ ಆ ಅಕ್ಷರಗಳು ಬಂದರೂ ಹೊಂದಿಬಿಡುತ್ತದೆ. ಮೊದಲಿಗೆ ಕ್ಯಾರೆಟ್ (^), ಕೊನೆಗೆ ಡಾಲರ್ ಗುರುತು, ಚುಕ್ಕಿಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಟ್ಟು ಪೂರ್ತಿ ಹಾದಿ ಬರೆಯಿರಿ.

ಆದರೂ ಒಂದು ಕಿಂಡಿ ಉಳಿಯುತ್ತದೆ. ಬ್ರ್ಯಾಂಚ್‌ನ ಒಂದು ಕಮಿಟ್‌ನಲ್ಲಿ ಸೇರಿಸಿ ಮುಂದಿನದರಲ್ಲಿ ಅಳಿಸಿದ ಫೈಲ್ ಕೊನೆಯ ಸ್ಥಿತಿಯಲ್ಲಿ ಕಾಣುವುದಿಲ್ಲ. ಸ್ಕ್ವಾಶ್ ಮಾಡದೆ (ಕಮಿಟ್‌ಗಳನ್ನೆಲ್ಲ ಒಂದಾಗಿಸದೆ) ಮರ್ಜ್ ಮಾಡಿದರೆ ಅದು ಇತಿಹಾಸಕ್ಕೆ ಸೇರಿಹೋಗುತ್ತದೆ. ಇದಕ್ಕೆ ಮೇನ್ ಬ್ರ್ಯಾಂಚ್‌ನಿಂದ ಹೆಡ್‌ವರೆಗಿನ (ನಿಮ್ಮ ಬ್ರ್ಯಾಂಚಿನ ಕೊನೆಯ ಕಮಿಟ್) 'ರೆವ್-ಲಿಸ್ಟ್ --ಆಬ್ಜೆಕ್ಟ್ಸ್' ಪಟ್ಟಿಯನ್ನು 'ಕ್ಯಾಟ್-ಫೈಲ್ --ಬ್ಯಾಚ್-ಚೆಕ್'ಗೆ ಪೈಪ್ ಮಾಡಿ, ಪ್ರತಿ ಬ್ಲಾಬ್‌ನ (ಗಿಟ್ ಉಳಿಸಿಟ್ಟ ಫೈಲಿನ ಒಳಹುರುಳು) ಗಾತ್ರ ನೋಡುವ ಸಣ್ಣ ಸ್ಕ್ರಿಪ್ಟ್ ಸಿಐಗೆ ಬೇಕು. ಕೊನೆಯ ಕಮಿಟ್ ಮಾತ್ರ ಇರುವ ಡೆಪ್ತ್ 1ರ ಕ್ಲೋನ್‌ನಲ್ಲಿ ಅದು ನಡೆಯದು, ಪೂರ್ತಿ ಇತಿಹಾಸ ತರಿಸಿ. ಸರ್ವರ್ ನಿಮ್ಮದೇ ಆಗಿದ್ದರೆ ಅದೇ ಪರೀಕ್ಷೆಯನ್ನು, ಪುಶ್ ಒಪ್ಪುವ ಮುಂಚೆ ಸರ್ವರ್‌ನಲ್ಲೇ ಓಡುವ ಪ್ರಿ-ರಿಸೀವ್ ಹುಕ್‌ನಲ್ಲಿ ಇಡುವುದು ಇನ್ನೂ ಗಟ್ಟಿ. ಗಿಟ್‌ಹಬ್‌ನ ಸ್ವಂತ ತಡೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ: 50 ಎಂಐಬಿ (ಎಂಬಿಗಿಂತ ತುಸು ದೊಡ್ಡ ಅಳತೆ) ದಾಟಿದರೆ ಎಚ್ಚರಿಕೆ, ತಡೆ ಬೀಳುವುದು 100 ದಾಟಿದ ಮೇಲೆ.

ಹುಕ್ ಓಡಿಸದೆ ಕಮಿಟ್ ಮಾಡಿಸುವ '--ನೋ-ವೆರಿಫೈ' ಕೊಟ್ಟು ತಪ್ಪಿಸಿಕೊಳ್ಳಬಹುದು ಎಂಬ ದೂರು ನನ್ನದಲ್ಲ, ಯಾವ ಲೋಕಲ್ ಹುಕ್ ಆದರೂ ಹಾಗೇ. ಅನಿವಾರ್ಯವಾದಾಗ 'ಸ್ಕಿಪ್' ವೇರಿಯಬಲ್‌ನಲ್ಲಿ ಈ ಹುಕ್‌ನ ಹೆಸರನ್ನಷ್ಟೇ ಕೊಡಿ, ಉಳಿದ ಹುಕ್‌ಗಳು ಓಡುತ್ತವೆ. ಹುಕ್‌ಗಳು ಕ್ಲೋನ್ ಜೊತೆಗೆ ಬರುವುದಿಲ್ಲವಾದ್ದರಿಂದ 'ಪ್ರಿ-ಕಮಿಟ್ ಇನ್‌ಸ್ಟಾಲ್' ಅನ್ನು ಪ್ರಾಜೆಕ್ಟಿನ ಸೆಟಪ್ ಸ್ಕ್ರಿಪ್ಟಿಗೇ ಸೇರಿಸಿಬಿಡಿ.

ಇಷ್ಟಾದರೂ ಇದನ್ನು ಬಿಡುವ ಯೋಚನೆ ನನಗಿಲ್ಲ. ಒಮ್ಮೆ ಒಳಹೋದ ಫೈಲನ್ನು, ಇತಿಹಾಸವನ್ನೇ ತಿದ್ದಿ ಬರೆಯುವ 'ಗಿಟ್ ಫಿಲ್ಟರ್-ರೆಪೊ'ದಿಂದ ಕಿತ್ತರೆ, ಅದು ಸೇರಿದ ಕಮಿಟ್‌ನಿಂದ ಮುಂದಿನ ಹ್ಯಾಶ್‌ಗಳೆಲ್ಲ (ಕಮಿಟ್‌ಗಳ ಗುರುತುಗಳು) ಬದಲಾಗಿ ತಂಡವಿಡೀ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಎನ್‌ಫೋರ್ಸ್-ಆಲ್ ಮೊದಲಿನಿಂದಲೇ ಆನ್ ಆಗಿ ಬಂದಿದ್ದರೆ ಐದೂ ಕೊಡುತ್ತಿದ್ದೆ.